ಇಬ್ಬರೂ ಸರಿ, ಪುಸ್ತಕ ಮಾತ್ರ ಬೇರೆ

ಪ್ರಶ್ನೆ: ನಾವು ಆರು ಜನ ಗೆಳೆಯರು ತಿಂಗಳಿಗೊಮ್ಮೆ ಕೂತು, ಆಯಾ ತಿಂಗಳು ಓದಿದ ಕಾಮಿಕ್ಸ್ ಬಗ್ಗೆ ಮಾತಾಡುತ್ತೇವೆ. ಕಳೆದ ಸಲ 'ಬ್ಯಾಟ್‌ಮನ್: ದ ಕಿಲ್ಲಿಂಗ್ ಜೋಕ್' ಮಾತಿಗೆ ಬಂತು. ಬ್ಯಾಟ್‌ಮನ್‌ನ ವೈರಿ ಜೋಕರ್‌ನ ಹಿಂದಿನ ಬದುಕು ಬರುವ ಪುಟಗಳು ಹೆಚ್ಚುಕಡಿಮೆ ಕಪ್ಪು-ಬಿಳುಪು ಎಂದು ನಾನು ಹೇಳಿದೆ. ಗೆಳತಿಯೊಬ್ಬಳು, ಇಲ್ಲವೇ ಇಲ್ಲ, ಅಲ್ಲಿ ಕಣ್ಣಿಗೆ ರಾಚುವಷ್ಟು ಬಣ್ಣ ಇದೆ ಎಂದು ಪಟ್ಟು ಹಿಡಿದಳು. ಮಾತು ಜಗಳದವರೆಗೆ ಹೋಯಿತು. ಇನ್ನೊಂದು ವಿಷಯ. ಎಲ್ಲರೂ ಹೊಗಳುವ ಎಕ್ಸ್-ಮೆನ್ ಓಮ್ನಿಬಸ್‌ನ (ಹತ್ತಾರು ಸಂಚಿಕೆ ಸೇರಿಸಿದ ದಪ್ಪ ಪುಸ್ತಕ) ಮೊದಲ ಸಂಪುಟವನ್ನು ಎಂಟು ದಿನದಲ್ಲಿ ಓದಿ ಮುಗಿಸಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಸುಸ್ತಾಗಿತ್ತು. ಹೇಳಿದ್ದನ್ನೇ ಹೇಳುತ್ತಾರೆ ಅನ್ನಿಸಿತು. ತಪ್ಪು ನನ್ನದೋ ಪುಸ್ತಕದ್ದೋ? ಪಾತ್ರವನ್ನು ಹಿಡಿದು ಓದಬೇಡ, ಬರೆದವರನ್ನು, ಚಿತ್ರಿಸಿದವರನ್ನು ಹಿಡಿದು ಓದು ಅನ್ನುತ್ತಾರೆ. ಅದನ್ನು ಎಲ್ಲಿಂದ ಶುರು ಮಾಡಲಿ? ಮುಂದಿನ ತಿಂಗಳು 'ವಾಚ್‌ಮೆನ್' ಓದುವುದೆಂದು ಗೊತ್ತುಮಾಡಿದ್ದೇವೆ. ಯಾವ ಆವೃತ್ತಿ ತೆಗೆದುಕೊಳ್ಳಲಿ?

ಉತ್ತರ: ನೀವೂ ಸರಿ, ನಿಮ್ಮ ಗೆಳತಿಯೂ ಸರಿ. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳಿದ್ದೀರಿ. ಇಬ್ಬರ ಕೈಗೆ ಸಿಕ್ಕ ಪುಸ್ತಕ ಬೇರೆ ಬೇರೆ, ಅಷ್ಟೇ.

'ಕಿಲ್ಲಿಂಗ್ ಜೋಕ್' ಮೊದಲು ಹೊರಬಂದದ್ದು 1988ರಲ್ಲಿ. ಕಥೆ ಅಲನ್ ಮೂರ್ ಅವರದು, ಚಿತ್ರ ಬ್ರಯನ್ ಬೋಲಂಡ್ ಅವರದು, ಬಣ್ಣ ಜಾನ್ ಹಿಗಿನ್ಸ್ ಅವರದು. ತಾನು ಬರೆದ ಚಿತ್ರಕ್ಕೆ ತಾನೇ ಬಣ್ಣ ಹಾಕಬೇಕೆಂಬ ಆಸೆ ಬೋಲಂಡ್ ಅವರಿಗಿತ್ತು. ಅದು ಕೈಗೂಡಿದ್ದು ಇಪ್ಪತ್ತು ವರ್ಷದ ಮೇಲೆ, 2008ರ ಡಿಲಕ್ಸ್ ಆವೃತ್ತಿಗೆ. ಹಿಗಿನ್ಸ್ ಹಾಕಿದ್ದ ನೇರಳೆ, ಕಿತ್ತಳೆ, ಹಸಿರು, ಹಳದಿಗಳನ್ನೆಲ್ಲ ಅವರು ತೆಗೆದುಹಾಕಿ ಇಡೀ ಪುಸ್ತಕವನ್ನು ಬೂದು ಛಾಯೆಗಳತ್ತ ಎಳೆದರು. ಹಿಂದಿನ ಬದುಕಿನ ಪುಟಗಳಲ್ಲಂತೂ ಬಣ್ಣವನ್ನು ಪೂರ್ತಿ ಹಿಂಡಿ, ಅಲ್ಲೊಂದು ಇಲ್ಲೊಂದು ವಸ್ತುವನ್ನು ಮಾತ್ರ ಕೆಂಪಾಗಿ ಉಳಿಸಿದರು. ಬ್ಯಾಟ್‌ಮನ್ ಎದೆಯ ಮೇಲಿನ ಹಳದಿ ವೃತ್ತವನ್ನೂ ಬಿಡಲಿಲ್ಲ. ನೀವು ಓದಿದ್ದು ಇದನ್ನು. ನಿಮ್ಮ ಗೆಳತಿ ಓದಿದ್ದು ಅದಕ್ಕೂ ಹಿಂದಿನ ಮುದ್ರಣವನ್ನು. ಇಬ್ಬರ ಪ್ರತಿಯಲ್ಲೂ ಮಾತು ಒಂದೇ, ಗೆರೆ ಒಂದೇ. ಆದರೂ ಓದಿ ಮುಚ್ಚಿಟ್ಟ ಮೇಲೆ ಮನಸ್ಸಿನಲ್ಲಿ ಉಳಿಯುವ ಪುಸ್ತಕ ಎರಡು.

ಯಾವುದು ಮೇಲು ಎಂದು ನೀವು ಕೇಳಿಲ್ಲ, ಆದರೆ ನಿಮ್ಮ ಕೂಟ ಖಂಡಿತ ಕೇಳುತ್ತದೆ. ಗೆರೆಯ ಸೊಗಸು ನೋಡುವುದಿದ್ದರೆ ಬೋಲಂಡ್ ಅವರ ಬಣ್ಣವೇ ಚೆನ್ನ; ಮುಖದ ಒಂದೊಂದು ಸುಕ್ಕೂ ಎದ್ದು ಕಾಣುತ್ತದೆ. ಆದರೆ ಕಥೆಯ ಒಳಗಿನ ಒಂದು ಮಾತನ್ನು ನೆನಪಿಸಿಕೊಳ್ಳಿ. ತನ್ನ ಹಿಂದಿನ ಬದುಕು ತನಗೇ ಒಂದೊಂದು ಸಲ ಒಂದೊಂದು ಥರ ನೆನಪಾಗುತ್ತದೆ ಎಂದು ಜೋಕರ್ ಹೇಳಿಕೊಳ್ಳುತ್ತಾನೆ. ಅಂಥವನ ನೆನಪಿಗೆ ಹಳೆಯ ಫೋಟೋದ ಕಪ್ಪು-ಬಿಳುಪು ಕೊಟ್ಟರೆ ಅದು ನಡೆದೇ ಹೋದ ಸಂಗತಿ ಎಂಬ ನಂಬಿಕೆ ತಾನಾಗಿ ಬಂದುಬಿಡುತ್ತದೆ. ಹಿಗಿನ್ಸ್ ಅವರ ಬಣ್ಣದಲ್ಲಿ ನಿನ್ನೆಯೂ ಇವತ್ತೂ ಒಂದೇ ಜ್ವರದಲ್ಲಿ ಕುದಿಯುತ್ತವೆ. ಯಾವುದನ್ನು ನಂಬುವುದು ಎಂಬ ಅನುಮಾನ ಕೊನೆತನಕ ಬಿಡುವುದಿಲ್ಲ. ಜಾತ್ರೆಯ ಮೈದಾನದಲ್ಲಿ ನಡೆಯುವ ಕಥೆಗೆ ಆ ರಾಚುವ ಬಣ್ಣವೇ ಹೊಂದುತ್ತದೆ ಎಂಬುದು ನನ್ನ ತೀರ್ಮಾನ. ಬೇರೆಯವರಿಗೆ ಬೇರೆ ಅನ್ನಿಸಬಹುದು. ಅನ್ನಿಸಲಿ, ಆದರೆ ಇಬ್ಬರೂ ಎರಡನ್ನೂ ನೋಡಿ ಆಮೇಲೆ ವಾದಿಸಲಿ.

ಕಾಮಿಕ್ಸ್ ಮಾತು ಬಂದಾಗಲೆಲ್ಲ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಆವೃತ್ತಿ ಓದಿದಿರಿ? ಕಾದಂಬರಿಗೆ ಈ ಪ್ರಶ್ನೆ ಅಷ್ಟು ಮುಖ್ಯವಲ್ಲ. ಅಕ್ಷರದ ಗಾತ್ರ ಬದಲಾದರೂ ವಾಕ್ಯ ಬದಲಾಗುವುದಿಲ್ಲ. ಕಾಮಿಕ್ಸ್‌ನಲ್ಲಿ ಕಾಗದ, ಪುಟದ ಅಳತೆ, ಬಣ್ಣ, ಬೈಂಡಿಂಗ್ ಎಲ್ಲವೂ ಕಥೆ ಹೇಳುವ ಕೆಲಸದಲ್ಲಿ ಪಾಲುದಾರರು. ಬಿಡಿ ಸಂಚಿಕೆಗಳನ್ನು ಒಟ್ಟುಗೂಡಿಸಿ ಸಂಪುಟ ಮಾಡುವಾಗ ಇವುಗಳಲ್ಲಿ ಒಂದಲ್ಲ ಒಂದು ಬದಲಾಗಿಯೇ ಆಗುತ್ತದೆ.

ಹಳೆಯ ಕಾಮಿಕ್ಸ್‌ನ ಬಣ್ಣವನ್ನೇ ತೆಗೆದುಕೊಳ್ಳಿ. ಕೆಂಪು, ಹಳದಿ, ನೀಲಿ ಮೂರು ಶಾಯಿ, ಜೊತೆಗೆ ಗೆರೆಗೆ ಕಪ್ಪು. ಒಂದೊಂದು ಶಾಯಿಗೂ ನಾಲ್ಕೇ ಮಟ್ಟ: ಇಲ್ಲ, ಕಾಲು ಭಾಗ, ಅರ್ಧ, ಪೂರ್ತಿ. ನಾಲ್ಕನ್ನು ನಾಲ್ಕರಿಂದ, ಮತ್ತೆ ನಾಲ್ಕರಿಂದ ಗುಣಿಸಿದರೆ 64. ದಶಕಗಳ ಕಾಲ ಬಣ್ಣ ಹಾಕುವ ಕಲರಿಸ್ಟ್‌ಗಳ ಕೈಲಿದ್ದದ್ದು ಇಷ್ಟೇ ಬಣ್ಣ. ಅದನ್ನು ಸಣ್ಣ ಸಣ್ಣ ಚುಕ್ಕಿಗಳಾಗಿ ನ್ಯೂಸ್‌ಪ್ರಿಂಟ್ ಮೇಲೆ ಅಚ್ಚು ಹಾಕುತ್ತಿದ್ದರು. ಆ ಕಾಗದ ಶಾಯಿಯನ್ನು ಹೀರುತ್ತಿತ್ತು, ಅದರ ಮಾಸಲು ಬಣ್ಣವೂ ಸೇರಿ ಎಲ್ಲವೂ ಒಂದು ಹದಕ್ಕೆ ಬರುತ್ತಿತ್ತು. ಹಾಗೆ ಆಗುತ್ತದೆಂದು ಗೊತ್ತಿದ್ದೇ ಕಲರಿಸ್ಟ್ ಗಾಢ ಬಣ್ಣ ಆರಿಸುತ್ತಿದ್ದರು. ಈಗ ಅದೇ ಬಣ್ಣದ ಪಟ್ಟಿಯನ್ನು ಹಾಲಿನಷ್ಟು ಬಿಳಿಯ, ಮಿರುಗುವ ಆರ್ಟ್ ಪೇಪರ್ ಮೇಲೆ ಹಾಕಿದರೆ? ಹದವಾಗಿದ್ದ ಹಳದಿ ಕಣ್ಣು ಚುಚ್ಚುತ್ತದೆ, ಚರ್ಮದ ಬಣ್ಣ ಪ್ಲಾಸ್ಟಿಕ್‌ನಂತೆ ಕಾಣುತ್ತದೆ. ಹಳೆಯ ಕಾಮಿಕ್ಸ್ ಬಣ್ಣ ಒರಟು ಎಂದು ಸಂಪುಟ ನೋಡಿ ತೀರ್ಪು ಕೊಡುವವರು ನೋಡುತ್ತಿರುವುದು ಬಹಳ ಸಲ ಕಾಗದದ ತಪ್ಪನ್ನು.

ಗೆರೆಯ ಕಥೆ ಇನ್ನೂ ಕಷ್ಟದ್ದು. ಎಷ್ಟೋ ಹಳೆಯ ಸಂಚಿಕೆಗಳ ಮೂಲ ಚಿತ್ರವೂ ಇಲ್ಲ, ಅಚ್ಚಿನ ಫಿಲ್ಮೂ ಇಲ್ಲ. ಉಳಿದಿರುವುದು ಮಾರಾಟವಾದ ಪ್ರತಿಗಳು ಮಾತ್ರ. ಗ್ರೆಗ್ ಥೀಕ್‌ಸ್ಟನ್ ಎಂಬವರು ಆ ಪ್ರತಿಯ ಪುಟಗಳನ್ನೇ ರಾಸಾಯನಿಕದಲ್ಲಿ ನೆನೆಸಿ, ಬಣ್ಣ ಬಿಡಿಸಿ, ಕಪ್ಪು ಗೆರೆಯಷ್ಟನ್ನೇ ಉಳಿಸಿಕೊಳ್ಳುವ ವಿಧಾನ ಕಂಡುಕೊಂಡರು. ಅವರ ಹೆಸರೇ ಆ ವಿಧಾನಕ್ಕೂ ಬಂತು. ಅದಕ್ಕೆ ಪ್ರತಿ ಸಲವೂ ಒಂದು ಹಳೆಯ ಪ್ರತಿ ಬಲಿಯಾಗಬೇಕು. ಒಂದು ಪ್ರತಿ ಸಾಯುತ್ತದೆ, ಸಾವಿರ ಓದುಗರಿಗೆ ಕಥೆ ಸಿಗುತ್ತದೆ. ಅಂಥ ಸಂಪುಟ ಕೈಗೆ ಬಂದಾಗ ನಾನು ಅದರ ಗೆರೆಗಳನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡುತ್ತೇನೆ.

ಇನ್ನು ನಿಮ್ಮ ಎಕ್ಸ್-ಮೆನ್ ಸುಸ್ತಿಗೆ ಬರೋಣ. ಇದರಲ್ಲಿ ನಿಮ್ಮ ತಪ್ಪೂ ಇಲ್ಲ, ಪುಸ್ತಕದ ತಪ್ಪೂ ಇಲ್ಲ. ಓದಿದ ವೇಗ ಬರೆದ ವೇಗಕ್ಕೆ ಹೊಂದಲಿಲ್ಲ.

ನೀವು ಓದಿದ ಸಂಪುಟದಲ್ಲಿ ಸುಮಾರು ನಲವತ್ತು ಸಂಚಿಕೆಗಳಿವೆ, 1975ರಿಂದ 1980ರವರೆಗಿನವು. ಮೊದಲ ಮೂರು ವರ್ಷ ಅದು ಎರಡು ತಿಂಗಳಿಗೊಮ್ಮೆ ಬರುತ್ತಿತ್ತು. ತಿಂಗಳ ಪತ್ರಿಕೆಯಾದದ್ದು 1978ರ ನಡುವಿನಲ್ಲಿ. ಅಂದಿನ ಓದುಗರು ಹತ್ತಿರ ಹತ್ತಿರ ಐದು ವರ್ಷದಲ್ಲಿ ಗುಟುಕು ಗುಟುಕಾಗಿ ಕುಡಿದದ್ದನ್ನು ನೀವು ಎಂಟು ದಿನದಲ್ಲಿ ಗಟಗಟ ಕುಡಿದಿದ್ದೀರಿ. ಅದರ ಲೇಖಕ ಕ್ರಿಸ್ ಕ್ಲೇರ್‌ಮಾಂಟ್ ಪ್ರತಿ ಸಂಚಿಕೆಯಲ್ಲೂ ವುಲ್ವರಿನ್‌ನ ಉಗುರು ಯಾವ ಲೋಹದ್ದು, ಸೈಕ್ಲಾಪ್ಸ್ ಕನ್ನಡಕ ತೆಗೆದರೆ ಏನಾಗುತ್ತದೆ ಎಂದು ಮತ್ತೆ ಮತ್ತೆ ಹೇಳುವುದಕ್ಕೆ ಕಾರಣ ಇದೆ. ಯಾವ ಸಂಚಿಕೆಯೇ ಆಗಲಿ, ಅದು ಯಾರಿಗೋ ಮೊದಲನೆಯದು ಎಂಬುದು ಆಗಿನ ಸಂಪಾದಕರು ಪಾಲಿಸುತ್ತಿದ್ದ ನಿಯಮ. ಎರಡು ತಿಂಗಳು ಕಾದವರಿಗೆ ಆ ಎರಡು ಸಾಲು ಹಳೆಯ ಗೆಳೆಯನ ದನಿ ಕೇಳಿದಂತೆ. ಹತ್ತು ನಿಮಿಷದ ಹಿಂದೆಯಷ್ಟೇ ಅದನ್ನೇ ಓದಿದ ನಿಮಗೆ ತಲೆನೋವು.

ಮತ್ತೊಮ್ಮೆ ಓದುವುದಾದರೆ ದಿನಕ್ಕೆ ಒಂದೇ ಸಂಚಿಕೆ ಓದಿ. ಓಮ್ನಿಬಸ್‌ನಲ್ಲಿ ಸಂಚಿಕೆಗಳ ನಡುವೆ ಮೂಲ ಮುಖಪುಟ ಹಾಕಿರುತ್ತಾರಲ್ಲ, ಅಲ್ಲಿ ನಿಲ್ಲಿ. ಅದು ನಿಲ್ದಾಣ ಎಂದುಕೊಳ್ಳಿ. 108ನೇ ಸಂಚಿಕೆಯಲ್ಲಿ ಡೇವ್ ಕಾಕ್ರಮ್ ಕೈಯಿಂದ ಜಾನ್ ಬರ್ನ್ ಕೈಗೆ ಚಿತ್ರದ ಕೆಲಸ ದಾಟುತ್ತದೆ. ಬರ್ನ್ ಪೆನ್ಸಿಲಿನ ಮೇಲೆ ಟೆರ್ರಿ ಆಸ್ಟಿನ್ ಅವರ ಶಾಯಿ, ಟಾಮ್ ಓರ್ಜೆಕೌಸ್ಕಿ ಅವರ ಅಕ್ಷರ. ಯಂತ್ರ, ಕಟ್ಟಡ, ಬಟ್ಟೆಯ ಮಡಿಕೆ ಇವೆಲ್ಲ ಹೇಗೆ ಚೂಪಾಗುತ್ತವೆ ನೋಡಿ. ಎಂಟು ದಿನದ ಓಟದಲ್ಲಿ ಈ ತಿರುವು ನಿಮ್ಮ ಕಣ್ಣಿಗೆ ಬಿದ್ದಿತ್ತೇ?

ಇದೇ ಮಾತು ದಿನಪತ್ರಿಕೆಯ ಪಟ್ಟಿಚಿತ್ರಗಳಿಗೆ ಇನ್ನೂ ಹೆಚ್ಚು ಹೊಂದುತ್ತದೆ. ಚಾರ್ಲ್ಸ್ ಶುಲ್ಜ್ 1950ರಿಂದ 2000ದವರೆಗೆ 'ಪೀನಟ್ಸ್' ಬರೆದರು. ಒಟ್ಟು 17,897 ಪಟ್ಟಿ. ಎಲ್ಲವೂ ಸಂಪುಟಗಳಾಗಿ ಬಂದಿವೆ, ಒಂದೊಂದರಲ್ಲಿ ಎರಡೆರಡು ವರ್ಷದ್ದು. ಒಂದೇ ಕೂತಲ್ಲಿ ಐವತ್ತು ಪುಟ ಓದಿದವರಿಗೆ ಚಾರ್ಲಿ ಬ್ರೌನ್ ಸಪ್ಪೆಯಾಗುತ್ತಾನೆ. ದಿನಕ್ಕೆ ಎರಡು ಪುಟ ಓದುವವರ ಜೊತೆ ಅವನು ವರ್ಷಗಟ್ಟಲೆ ಇರುತ್ತಾನೆ. ಅದೇ, ಸಂಪುಟವಾಗಿ ಓದಿದರೇ ಚೆನ್ನ ಎನ್ನುವಂಥವೂ ಇವೆ. 'ವಾಕಿಂಗ್ ಡೆಡ್' 193 ಸಂಚಿಕೆ ನಡೆಯಿತು, 2003ರಿಂದ 2019ರವರೆಗೆ. ಕಂಪೆಂಡಿಯಂ ಎಂಬ ನಾಲ್ಕು ದಪ್ಪ ಸಂಪುಟಗಳಲ್ಲಿ ಅಷ್ಟೂ ಸಿಗುತ್ತದೆ. ಅದರ ಲೇಖಕ ರಾಬರ್ಟ್ ಕರ್ಕ್‌ಮನ್ ಹಿಂದಿನದನ್ನು ನೆನಪಿಸುವ ಗೋಜಿಗೆ ಹೋಗುವುದೇ ಅಪರೂಪ; ಸಂಚಿಕೆಯ ಕೊನೆಯಲ್ಲಿ ಒಂದು ಏಟು ಕೊಟ್ಟು ಮುಂದೆ ಹೋಗುತ್ತಾರೆ. ಅಲ್ಲಿ ದಪ್ಪ ಪುಸ್ತಕವೇ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಹೊಸ ತಲೆಮಾರಿನ ಹೆಚ್ಚಿನವರು ಹೀಗೆಯೇ ಬರೆಯುತ್ತಾರೆ. ಐದೋ ಆರೋ ಸಂಚಿಕೆ ಸೇರಿದರೆ ಒಂದು ಟ್ರೇಡ್ ಪೇಪರ್‌ಬ್ಯಾಕ್, ಅಂದರೆ ತೆಳು ರಟ್ಟಿನ ಸಂಪುಟ, ಆಗುತ್ತದೆ ಎಂಬ ಲೆಕ್ಕ ಬರೆಯುವಾಗಲೇ ತಲೆಯಲ್ಲಿರುತ್ತದೆ.

ಹಾಗಂತ ಸಂಪುಟಕ್ಕೆ ಎಲ್ಲವೂ ಬರುವುದಿಲ್ಲ. ಬ್ರಯನ್ ಕೆ. ವಾನ್ ಮತ್ತು ಫಿಯೋನಾ ಸ್ಟೇಪಲ್ಸ್ ಅವರ 'ಸಾಗಾ' ಬಿಡಿ ಸಂಚಿಕೆಗಳ ಕೊನೆಯಲ್ಲಿ ಓದುಗರ ಪತ್ರಗಳ ಅಂಕಣ ಇರುತ್ತದೆ. ಲೇಖಕ ಎಡ್ ಬ್ರೂಬೇಕರ್ ಮತ್ತು ಚಿತ್ರಕಾರ ಶಾನ್ ಫಿಲಿಪ್ಸ್ ಅವರ 'ಕ್ರಿಮಿನಲ್' ಸಂಚಿಕೆಗಳಲ್ಲಿ ಅಪರಾಧ ಸಿನಿಮಾ, ಕಾದಂಬರಿಗಳ ಬಗ್ಗೆ ಲೇಖನಗಳಿದ್ದವು. ಇವು ಸಂಪುಟಕ್ಕೆ ಬರಲಿಲ್ಲ. ನಿಮ್ಮ ಕೂಟದಲ್ಲಿ ಬಿಡಿ ಸಂಚಿಕೆ ಬಿಟ್ಟು ಬೇರೆ ಮುಟ್ಟದವರು ಯಾರಾದರೂ ಇದ್ದರೆ ಅವರದು ಬರೀ ಹಟ ಎಂದುಕೊಳ್ಳಬೇಡಿ. ಮುಂದಿನ ತಿಂಗಳು ಏನಾಗುತ್ತದೋ ಎಂದು ನೂರಾರು ಜನ ಒಟ್ಟಿಗೆ ಊಹಿಸುವ ಸುಖ ಅವರಿಗೆ ಸಿಕ್ಕಿದೆ. 'ಸಾಗಾ' 2018ರಲ್ಲಿ 54ನೇ ಸಂಚಿಕೆಗೆ ನಿಂತು, 2022ರ ಜನವರಿಯಲ್ಲಿ ಮತ್ತೆ ಶುರುವಾಯಿತು. 54ನೇ ಸಂಚಿಕೆಯ ಕೊನೆಯ ಪುಟವನ್ನು ಎದೆಯಲ್ಲಿ ಇಟ್ಟುಕೊಂಡು ಮೂರೂವರೆ ವರ್ಷ ಕಾದವರಿದ್ದಾರೆ. ಈಗ ಓದುವವರು ಪುಟ ತಿರುಗಿಸಿದರೆ ಮುಗಿಯಿತು. ಅವರಿಗೆ ಕಥೆ ಪೂರ್ತಿ ಸಿಗುತ್ತದೆ, ಆ ಕಾಯುವಿಕೆಯಲ್ಲ.

ಅಳತೆಯ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳಲೇಬೇಕು, ಯಾಕೆಂದರೆ ದೊಡ್ಡದಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಅಭಿಮಾನಿಗಳಲ್ಲಿ ಬಲವಾಗಿದೆ. ಅಮೆರಿಕನ್ ಕಾಮಿಕ್ಸ್ ಕಲಾವಿದರು ಸಾಮಾನ್ಯವಾಗಿ ಅಚ್ಚಿನ ಪುಟಕ್ಕಿಂತ ಒಂದೂವರೆ ಪಟ್ಟು ದೊಡ್ಡ ಹಾಳೆಯ ಮೇಲೆ ಬರೆಯುತ್ತಾರೆ. 1960ರ ದಶಕದ ಕೊನೆಯವರೆಗೂ ಅದಕ್ಕಿಂತ ದೊಡ್ಡ ಹಾಳೆ ಬಳಕೆಯಲ್ಲಿತ್ತು. ಅಂಥ ಚಿತ್ರ ಆಬ್ಸಲ್ಯೂಟ್ ಎಂಬ ದೊಡ್ಡ ಅಳತೆಯ ಆವೃತ್ತಿಯ ಪುಟಕ್ಕೆ ಬಂದಾಗ ಉಸಿರಾಡುತ್ತದೆ, ನಿಜ. 2010ರಲ್ಲಿ ಶುರುವಾದ ಆರ್ಟಿಸ್ಟ್ಸ್ ಎಡಿಶನ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ. ಮೂಲ ಹಾಳೆಯನ್ನೇ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಅಷ್ಟೇ ಗಾತ್ರದಲ್ಲಿ ಅಚ್ಚು ಹಾಕುತ್ತಾರೆ. ಚಿತ್ರ ಕಪ್ಪು-ಬಿಳುಪೇ, ಆದರೆ ಹತ್ತಿರದಿಂದ ನೋಡಿದರೆ ನೀಲಿ ಪೆನ್ಸಿಲಿನ ಗುರುತು, ತಪ್ಪಿದ ಗೆರೆಯ ಮೇಲೆ ಬಳಿದ ಬಿಳಿ ಬಣ್ಣ, ಅಂಟಿಸಿದ ಮಾತಿನ ಗುಳ್ಳೆಯ ಹಳದಿಗಟ್ಟಿದ ಅಂಚು ಎಲ್ಲ ಕಾಣುತ್ತದೆ. ಒಂದು ಕೈಯ ಬೆರಳುಗಳನ್ನು ಎರಡು ಸಲ ಅಳಿಸಿ ಬರೆದದ್ದು ಗೊತ್ತಾದಾಗ ಆ ಪುಟದ ಹಿಂದೆ ಕೂತ ಮನುಷ್ಯ ಕಣ್ಣಿಗೆ ಕಟ್ಟುತ್ತಾನೆ.

ಆದರೆ ಆರ್ಟ್ ಸ್ಪೀಗಲ್‌ಮನ್ 'ಮೌಸ್' ಬರೆದದ್ದು ಅಚ್ಚಾಗುವ ಅಳತೆಯಲ್ಲೇ, ಫೌಂಟನ್ ಪೆನ್ನಿನಲ್ಲಿ. ಯಾರದೋ ಡೈರಿ ಓದಿದಂತಿರಲಿ ಎಂಬುದು ಅವರ ಉದ್ದೇಶ. ಅದನ್ನು ಹಿಗ್ಗಿಸಿದರೆ ಸಿಗುವುದು ದಪ್ಪ ಗೆರೆ ಮಾತ್ರ, ಆ ಆಪ್ತತೆ ಕಳೆದುಹೋಗುತ್ತದೆ. ಚಿಕ್ಕ ಪುಸ್ತಕವೇ ಅದರ ಸರಿಯಾದ ರೂಪ. ಹಾಗೆಯೇ ಜೆಫ್ ಸ್ಮಿತ್ ಅವರ 'ಬೋನ್': 1991ರಿಂದ 2004ರವರೆಗೆ 55 ಸಂಚಿಕೆ, ಎಲ್ಲ ಕಪ್ಪು-ಬಿಳುಪು. 2004ರಲ್ಲಿ 1300ಕ್ಕೂ ಹೆಚ್ಚು ಪುಟದ ಒಂದೇ ಸಂಪುಟವಾಗಿ ಬಂತು. ಮರುವರ್ಷದಿಂದ ಸ್ಟೀವ್ ಹಮೇಕರ್ ಬಣ್ಣ ಹಾಕಿದ ಒಂಬತ್ತು ಪುಸ್ತಕಗಳು ಬಂದವು. ಬಣ್ಣದ ಕೆಲಸ ನಿಜಕ್ಕೂ ಅಚ್ಚುಕಟ್ಟು, ಮಕ್ಕಳು ಮುಗಿಬಿದ್ದು ಓದಿದ್ದು ಅದನ್ನೇ. ಆದರೆ ಶುರುವಿನಲ್ಲಿ ಚಳಿಗಾಲದ ಹಿಮವೆಲ್ಲ ಒಂದೇ ಸಲ ದೊಪ್ಪನೆ ಬೀಳುವ ಜಾಗವೊಂದಿದೆ. ಕಪ್ಪು-ಬಿಳುಪಿನಲ್ಲಿ ಅಲ್ಲಿ ಸ್ಮಿತ್ ಏನೂ ಬರೆಯದೆ ಬಿಟ್ಟ ಕಾಗದವೇ ಹಿಮ. ಆ ಖಾಲಿ ಜಾಗದ ತಮಾಷೆ ಬಣ್ಣದಲ್ಲಿ ಅಷ್ಟು ಗಟ್ಟಿಯಾಗಿ ಕೇಳಿಸುವುದಿಲ್ಲ. ಕತ್ಸುಹಿರೊ ಓತೊಮೊ ಅವರ 'ಅಕಿರಾ' ಹೋದ ದಾರಿ ಇನ್ನೂ ವಿಚಿತ್ರ. 1988ರಲ್ಲಿ ಅದು ಇಂಗ್ಲಿಷಿಗೆ ಬಂದಾಗ ಎಡದಿಂದ ಬಲಕ್ಕೆ ಓದಲೆಂದು ಪುಟಗಳನ್ನು ಕನ್ನಡಿಯಂತೆ ತಿರುಗಿಸಿದ್ದರು, ಸ್ಟೀವ್ ಓಲಿಫ್ ಕಂಪ್ಯೂಟರ್‌ನಲ್ಲಿ ಬಣ್ಣ ಹಾಕಿದ್ದರು. ಆ ಬಣ್ಣ ಎಷ್ಟು ಚೆನ್ನಾಗಿತ್ತೆಂದರೆ ಅಮೆರಿಕನ್ ಕಾಮಿಕ್ಸ್‌ನ ಬಣ್ಣದ ರೀತಿಯೇ ಅದರಿಂದ ಬದಲಾಯಿತು. 2017ರ ಪೆಟ್ಟಿಗೆ ಸಂಪುಟದಲ್ಲಿ ಮೂಲದಂತೆ ಬಲದಿಂದ ಎಡಕ್ಕೆ, ಕಪ್ಪು-ಬಿಳುಪಿನಲ್ಲಿ, ಸದ್ದಿನ ಅಕ್ಷರಗಳನ್ನೂ ಜಪಾನಿಯಲ್ಲೇ ಉಳಿಸಿ ಕೊಟ್ಟಿದ್ದಾರೆ. ಎರಡನ್ನೂ ಓದಿದವರು ಎರಡು ಊರಿಗೆ ಹೋಗಿ ಬಂದಂತೆ ಮಾತಾಡುತ್ತಾರೆ.

ಬೈಂಡಿಂಗ್ ಬಗ್ಗೆ ಒಂದೇ ಮಾತು. ದಪ್ಪ ಪುಸ್ತಕವಾದರೆ ಹೊಲಿಗೆ ಬೈಂಡಿಂಗ್ ಇದೆಯೇ ನೋಡಿ. ಬರೀ ಅಂಟಿನದಾದರೆ ಎರಡು ಪುಟಕ್ಕೆ ಹರಡಿದ ಚಿತ್ರದ ನಡುಭಾಗ ಬೆನ್ನಿನೊಳಗೆ ನುಂಗಿಹೋಗುತ್ತದೆ, ಪುಸ್ತಕ ಅಗಲ ಬಿಚ್ಚಿದರೆ ಪುಟ ಕಿತ್ತು ಬರುತ್ತದೆ.

ಈಗ ಕರ್ತೃಗಳನ್ನು ಹಿಡಿದು ಓದುವ ಮಾತು. ನಿಮ್ಮ ಗೆಳೆಯರು ಒಳ್ಳೆಯ ಸಲಹೆಯನ್ನೇ ಕೊಟ್ಟಿದ್ದಾರೆ. ಆದರೆ ಕರ್ತೃ ಎಂದರೆ ಹೆಚ್ಚಿನವರ ಕಣ್ಣು ಬರಹಗಾರನ ಹೆಸರಿನಲ್ಲೇ ನಿಂತುಬಿಡುತ್ತದೆ. ಪೆನ್ಸಿಲ್ ಹಿಡಿದವರು, ಅದರ ಮೇಲೆ ಶಾಯಿ ಎಳೆದವರು, ಬಣ್ಣ ಹಾಕಿದವರು, ಅಕ್ಷರ ಬರೆದವರು, ಇವರಲ್ಲಿ ಒಬ್ಬರು ಬದಲಾದರೂ ಪುಟ ಬದಲಾಗುತ್ತದೆ. ಇದನ್ನು ಹೇಳಿ ತಿಳಿಸುವುದು ಕಷ್ಟ, ನೋಡಿ ತಿಳಿಯುವುದು ಸುಲಭ. ಜ್ಯಾಕ್ ಕರ್ಬಿ 1971ರಲ್ಲಿ ಶುರು ಮಾಡಿದ 'ನ್ಯೂ ಗಾಡ್ಸ್' ತೆಗೆದುಕೊಳ್ಳಿ. ಮೊದಲ ನಾಲ್ಕು ಸಂಚಿಕೆಗೆ ಶಾಯಿ ವಿನ್ಸ್ ಕೊಲೆಟ್ಟಾ ಅವರದು, ಐದನೆಯದರಿಂದ ಮೈಕ್ ರಾಯರ್ ಅವರದು. ಪೆನ್ಸಿಲ್ ಅದೇ, ಮನುಷ್ಯ ಅವರೇ. ಆದರೆ ನಾಲ್ಕನೆಯದರಲ್ಲಿ ಕೂದಲೆಳೆಯಂಥ ಗೆರೆಗಳಿಂದ ಮೃದುವಾಗಿದ್ದ ಮುಖ ಐದನೆಯದರಲ್ಲಿ ಕಲ್ಲಿನಲ್ಲಿ ಕಡೆದಂತಾಗುತ್ತದೆ. ಕರ್ಬಿ ಪೆನ್ಸಿಲಿನಲ್ಲಿ ಇಟ್ಟದ್ದನ್ನೆಲ್ಲ ರಾಯರ್ ಒಂದನ್ನೂ ಬಿಡದೆ ಶಾಯಿಗೆ ತಂದರು. ಕೊಲೆಟ್ಟಾ ವೇಗಕ್ಕಾಗಿ ಹಿನ್ನೆಲೆಯ ವಿವರಗಳನ್ನು ಬಿಡುತ್ತಿದ್ದರು. ಕರ್ಬಿ ಅವರ ಈ ಕಥಾಸರಣಿಗಳು 'ಫೋರ್ತ್ ವರ್ಲ್ಡ್' ಹೆಸರಿನ ಓಮ್ನಿಬಸ್ ಸಂಪುಟಗಳಲ್ಲಿ ಒಟ್ಟಿಗೆ ಇವೆ, ಮೊದಲು ಬಂದ ಕ್ರಮದಲ್ಲೇ. ಹಾಗಾಗಿ ಶಾಯಿ ಬದಲಾಗುವ ಜಾಗವನ್ನು ಬೆರಳಿಟ್ಟು ತೋರಿಸಬಹುದು. ಶಾಯಿ ಎಳೆಯುವ ಇಂಕರ್ ಏನು ಮಾಡುತ್ತಾರೆ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ.

ಆ ದಾರಿಯಲ್ಲೇ ಮುಂದೆ ಹೋಗಿ. ಕರ್ಬಿ ಅವರ ಅದೇ ಲೋಕದ 'ಮಿಸ್ಟರ್ ಮಿರಾಕಲ್' ಪಾತ್ರವನ್ನು ಟಾಮ್ ಕಿಂಗ್ ಮತ್ತು ಮಿಚ್ ಗೆರಾಡ್ಸ್ 2017ರಲ್ಲಿ ಹನ್ನೆರಡು ಸಂಚಿಕೆಯ ಕಥೆಗೆ ತೆಗೆದುಕೊಂಡರು. ಬಹುತೇಕ ಪ್ರತಿ ಪುಟವೂ ಒಂಬತ್ತು ಸಮ ಚೌಕಟ್ಟು. ಬಿಡಿಸಿಕೊಂಡು ಹೋಗುವುದರಲ್ಲೇ ನಿಸ್ಸೀಮನಾದವನು ಆ ಚೌಕಟ್ಟುಗಳೊಳಗೆ ಸಿಕ್ಕಿಬಿದ್ದಿದ್ದಾನೆ ಎಂದು ಪುಟವೇ ಹೇಳುತ್ತದೆ. ಅತ್ತ ಎಕ್ಸ್-ಮೆನ್‌ನ ಜಾನ್ ಬರ್ನ್ ಹೆಸರನ್ನು ಹಿಡಿದು ಹೋದರೆ 1994ಕ್ಕೆ, 'ಹೆಲ್‌ಬಾಯ್' ಮೊದಲ ಕಥೆಗೆ ಬರುತ್ತೀರಿ. ಅದರ ಸಂಭಾಷಣೆ ಅವರದು. ಅಲ್ಲಿಂದ ಮುಂದೆ ಅದರ ಚಿತ್ರಕಾರ ಮೈಕ್ ಮಿನ್ಯೋಲಾ ತಾವೇ ಬರೆಯತೊಡಗಿದರು, ಪುಟದ ಅರ್ಧವನ್ನು ಕಪ್ಪಿಗೆ ಬಿಟ್ಟುಕೊಡುವ ಧೈರ್ಯ ಮಾಡಿದರು. ಆ ಕಪ್ಪಿನ ಪಕ್ಕದಲ್ಲಿ ಏರಿಳಿತವಿಲ್ಲದ ಚಪ್ಪಟೆ ಬಣ್ಣ ಇಟ್ಟು ಅದನ್ನು ಹೊಳೆಯಿಸಿದವರು ಡೇವ್ ಸ್ಟೀವರ್ಟ್. ಇನ್ನು ಸ್ಟೀವರ್ಟ್ ಹೆಸರು ಹಿಡಿದರೆ ಬ್ರೂಬೇಕರ್-ಫಿಲಿಪ್ಸ್ ಜೋಡಿಯ 'ಫಟಾಲ್' ಸಿಗುತ್ತದೆ.

ಈ ಜೋಡಿಯನ್ನು ನಿಮ್ಮ ಕೂಟಕ್ಕೆ ವಿಶೇಷವಾಗಿ ಶಿಫಾರಸು ಮಾಡುತ್ತೇನೆ. ಬರಹ ಒಬ್ಬರದೇ, ಚಿತ್ರ ಒಬ್ಬರದೇ, ಎರಡು ದಶಕಕ್ಕೂ ಮಿಕ್ಕಿದ ಕೆಲಸ; ಬದಲಾಗುತ್ತ ಬಂದದ್ದು ಕಲರಿಸ್ಟ್. 'ಫೇಡ್ ಔಟ್'ನಲ್ಲಿ ಎಲಿಜಬೆತ್ ಬ್ರೈಟ್‌ವೈಸರ್ ಹಾಕಿದ ಬಣ್ಣ, 2020ರ 'ರೆಕ್‌ಲೆಸ್'ನಲ್ಲಿ ಜೇಕಬ್ ಫಿಲಿಪ್ಸ್ ಹಾಕಿದ ಬಣ್ಣ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಜೇಕಬ್ ಶಾನ್ ಅವರ ಮಗ. ಅವರ ಬಣ್ಣ ಅಪ್ಪನ ಗೆರೆಯೊಳಗೆ ಅಚ್ಚುಕಟ್ಟಾಗಿ ಕೂರುವುದಿಲ್ಲ, ಗೆರೆ ದಾಟಿ ಆಚೆ ಹರಿಯುತ್ತದೆ. ಮೊದಲ ನೋಟಕ್ಕೆ ತಪ್ಪಿದಂತೆ ಕಂಡರೂ ನಾಲ್ಕು ಪುಟ ಕಳೆಯುವಷ್ಟರಲ್ಲಿ ಅದೇ ಆ ಕಾಲದ ಬಿಸಿಲು ಅನ್ನಿಸತೊಡಗುತ್ತದೆ. ಅಂದ ಹಾಗೆ 'ರೆಕ್‌ಲೆಸ್' ಬಿಡಿ ಸಂಚಿಕೆಯಾಗಿ ಬರಲೇ ಇಲ್ಲ, ನೇರ ಪುಸ್ತಕವಾಗಿಯೇ ಬಂತು. ಕೇಟ್ ಬೀಟನ್ ಅವರ 2022ರ 'ಡಕ್ಸ್' ಕೂಡ ಹಾಗೆಯೇ. ಕೆನಡಾದ ತೈಲ ಗಣಿಗಳಲ್ಲಿ ದುಡಿದ ವರ್ಷಗಳ ಆತ್ಮಕಥೆ ಅದು. ಈಚಿನ ವರ್ಷಗಳಲ್ಲಿ ನನ್ನನ್ನು ಇಷ್ಟು ಕಲಕಿದ ಚಿತ್ರಪುಸ್ತಕ ಇನ್ನೊಂದಿಲ್ಲ. ದೊಡ್ಡ ದೊಡ್ಡ ಯಂತ್ರಗಳ ಮುಂದೆ ಚುಕ್ಕಿಯಷ್ಟಾಗಿ ನಿಂತ ಹುಡುಗಿಯನ್ನು ಬೂದು ಬಣ್ಣದಲ್ಲಿ ನೋಡುವಾಗ ಒಂಟಿತನ ಎಂಬ ಪದವೇ ಬೇಕಾಗುವುದಿಲ್ಲ. ಎಮಿಲ್ ಫೆರಿಸ್ ಅವರ 'ಮೈ ಫೇವರಿಟ್ ಥಿಂಗ್ ಈಸ್ ಮಾನ್‌ಸ್ಟರ್ಸ್' 2017ರಲ್ಲಿ ಮೊದಲ ಭಾಗ, 2024ರಲ್ಲಿ ಎರಡನೆಯದು. ಪೂರ್ತಿ ಬಾಲ್ ಪೆನ್ನಿನ ಕೆಲಸ, ಗೆರೆ ಹಾಕಿದ ಶಾಲಾ ನೋಟ್‌ಬುಕ್‌ನಂಥ ಪುಟಗಳ ಮೇಲೆ. ಇಂಥ ಪುಸ್ತಕಗಳಿಗೆ ಯಾವ ಆವೃತ್ತಿ ಎಂಬ ತಲೆಬಿಸಿ ಇಲ್ಲ, ಲೇಖಕಿ ಅಂದುಕೊಂಡ ರೂಪದಲ್ಲೇ ಕೈಗೆ ಬರುತ್ತವೆ.

ಕೊನೆಗೆ 'ವಾಚ್‌ಮೆನ್'. 1986-87ರಲ್ಲಿ ಹನ್ನೆರಡು ಸಂಚಿಕೆಯಾಗಿ ಬಂದದ್ದು. ಮೂರ್ ಬರಹ, ಡೇವ್ ಗಿಬ್ಬನ್ಸ್ ಚಿತ್ರ ಮತ್ತು ಅಕ್ಷರ, ಬಣ್ಣ ನಿಮ್ಮ ಜಗಳಕ್ಕೆ ಕಾರಣರಾದ ಅದೇ ಜಾನ್ ಹಿಗಿನ್ಸ್. ಈ ಪುಸ್ತಕದ ಸಂಪುಟಕ್ಕೆ ಒಂದು ನೋವಿನ ಹಿನ್ನೆಲೆಯೂ ಇದೆ. ಪ್ರಕಾಶಕರು ಅಚ್ಚು ಹಾಕುವುದನ್ನು ನಿಲ್ಲಿಸಿದರೆ ಹಕ್ಕು ಕರ್ತೃಗಳಿಗೆ ಮರಳುತ್ತದೆ ಎಂದು ಒಪ್ಪಂದದಲ್ಲಿತ್ತು. ಆಗಿನ ಮಟ್ಟಿಗೆ ಅದು ಉದಾರ ಷರತ್ತು, ಯಾಕೆಂದರೆ ಕಾಮಿಕ್ಸ್ ಬಂದು ಹೋಗುವ ಸರಕಾಗಿತ್ತು. ಆದರೆ 1987ರಲ್ಲಿ ಸಂಪುಟ ಬಂತು, ಮಾರಾಟವಾಗುತ್ತಲೇ ಹೋಯಿತು, ಮುದ್ರಣ ನಿಲ್ಲಲೇ ಇಲ್ಲ. ಹಕ್ಕೂ ಮರಳಲಿಲ್ಲ. ಪುಸ್ತಕ ಗೆದ್ದದ್ದರಿಂದಲೇ ಅದನ್ನು ಬರೆದವರು ಅದನ್ನು ಕಳೆದುಕೊಂಡರು. ಮೂರ್ ಆ ಪ್ರಕಾಶಕರಿಂದ ದೂರವಾದದ್ದಕ್ಕೆ ಇದೂ ಒಂದು ಕಾರಣ.

ಯಾವುದನ್ನು ತೆಗೆದುಕೊಳ್ಳಬೇಕು? ಮೊದಲ ಓದಿಗೆ ಸಾಮಾನ್ಯ ಅಳತೆಯ ಪೇಪರ್‌ಬ್ಯಾಕ್ ಸಾಕು. 2005ರ ಆಬ್ಸಲ್ಯೂಟ್ ಆವೃತ್ತಿಗೆ ಹಿಗಿನ್ಸ್ ಬಣ್ಣವನ್ನು ತಾವೇ ತಿದ್ದಿ ಕೊಟ್ಟರು. ಯಾರಲ್ಲಾದರೂ ಇದ್ದರೆ ಎರಡನೆಯ ಓದಿಗೆ ಎರವಲು ಪಡೆಯಿರಿ. 2024ರಲ್ಲಿ ಬಂದ ಕಾಂಪ್ಯಾಕ್ಟ್ ಆವೃತ್ತಿ ಕೈಚೀಲದಲ್ಲಿ ಹಿಡಿಯುತ್ತದೆ, ಆದರೆ ಒಂಬತ್ತು ಚೌಕಟ್ಟಿನ ಪುಟವನ್ನು ಅಷ್ಟು ಕುಗ್ಗಿಸಿದರೆ ಹಿನ್ನೆಲೆಯ ಗೋಡೆಬರಹ, ಪತ್ರಿಕೆಯ ತಲೆಬರಹ ಓದಲು ಕಣ್ಣು ಕಿರಿದಾಗಿಸಬೇಕಾಗುತ್ತದೆ. ಅವನ್ನು ಓದದಿದ್ದರೆ ಅರ್ಧ ಕಥೆ ಹೋಯಿತು. ಇನ್ನೊಂದು ಎಚ್ಚರಿಕೆ: 2024ರ ಅಕ್ಟೋಬರ್‌ನಿಂದ 'ಆಬ್ಸಲ್ಯೂಟ್ ಬ್ಯಾಟ್‌ಮನ್' ಎಂಬ ಹೊಸ ಮಾಸಿಕ ಬರುತ್ತಿದೆ, ಸ್ಕಾಟ್ ಸ್ನೈಡರ್ ಮತ್ತು ನಿಕ್ ಡ್ರ್ಯಾಗೊಟ್ಟಾ ಅವರದು. ಅದಕ್ಕೂ ದೊಡ್ಡ ಅಳತೆಯ ಈ ಆವೃತ್ತಿಗಳಿಗೂ ಸಂಬಂಧವಿಲ್ಲ. ಹೆಸರು ನೋಡಿ ಒಂದರ ಬದಲು ಇನ್ನೊಂದನ್ನು ತರಿಸಿಕೊಳ್ಳಬೇಡಿ.

ಒಂದು ವಾರಕ್ಕೆ ಮೂರು ಅಧ್ಯಾಯದಂತೆ ಓದಿದರೆ ತಿಂಗಳಿಗೆ ಸರಿಹೋಗುತ್ತದೆ. ಅಧ್ಯಾಯಗಳ ಕೊನೆಯಲ್ಲಿ ಬರೀ ಅಕ್ಷರದ ಪುಟಗಳು ಬರುತ್ತವೆ. ಮೂಲದಲ್ಲಿ ಓದುಗರ ಪತ್ರದ ಜಾಗದಲ್ಲಿ ಇದ್ದಂಥವು. ದಾಟಿಸಿಬಿಡಬೇಡಿ, ಅಲ್ಲಿ ಉಸಿರು ತೆಗೆದುಕೊಳ್ಳಲೆಂದೇ ಅವು ಇರುವುದು. ಆರನೆಯ ಅಧ್ಯಾಯದಲ್ಲಿ ಮಾತು, ಚಿತ್ರ ಎರಡನ್ನೂ ಬಿಟ್ಟು ಬಣ್ಣವನ್ನಷ್ಟೇ ಗಮನಿಸುತ್ತ ಒಮ್ಮೆ ಪುಟ ತಿರುಗಿಸಿ. ಮನೋವೈದ್ಯನ ಮೊದಲ ಪುಟದಲ್ಲಿ ಬೆಚ್ಚಗಿನ ಬಣ್ಣವಿದೆ. ಆತ ಮುಖವಾಡಧಾರಿ ರೋರ್ಶಾಕ್ ಜೊತೆ ಮಾತಾಡುತ್ತ ಹೋದಂತೆ ಹಿಗಿನ್ಸ್ ಅದನ್ನು ಪುಟ ಪುಟಕ್ಕೂ ಕತ್ತಲಿಗೆ ಇಳಿಸುತ್ತಾರೆ.

ಕೂಟದ ದಿನ ಎಲ್ಲರೂ ತಮ್ಮ ತಮ್ಮ ಪ್ರತಿ ತರಲಿ. ಐದನೆಯ ಅಧ್ಯಾಯಕ್ಕೆ 28 ಪುಟ. ಮೊದಲ ಪುಟದ ಚೌಕಟ್ಟುಗಳ ಜೋಡಣೆ ಕೊನೆಯ ಪುಟದ ಕನ್ನಡಿ ಪ್ರತಿಬಿಂಬ, ಎರಡನೆಯದು 27ನೆಯದರದು, ಹೀಗೆಯೇ ಒಳಕ್ಕೆ ಬಂದು 14 ಮತ್ತು 15ನೇ ಪುಟದ ಹೊಡೆದಾಟದಲ್ಲಿ ಎರಡೂ ಕಡೆ ಸೇರುತ್ತವೆ. ಬಿಡಿ ಸಂಚಿಕೆಯಲ್ಲಿ ಆ ಜಾಗ ಸರಿಯಾಗಿ ಪಿನ್ ಹೊಡೆದ ನಡುವಿಗೆ ಬರುತ್ತಿತ್ತು, ಪುಸ್ತಕದ ಮಡಿಕೆಯೇ ಕನ್ನಡಿಯಾಗುತ್ತಿತ್ತು. ಆರೂ ಪ್ರತಿಗಳಲ್ಲಿ ಆ ಎರಡು ಪುಟ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಡಿ. ಯಾರ ಪ್ರತಿಯಲ್ಲಿ ನಡುವಿನ ಚಿತ್ರ ಪೂರ್ತಿ ಕಾಣುತ್ತದೆ, ಯಾರದರಲ್ಲಿ ಬೆನ್ನಿನೊಳಗೆ ಅಡಗಿದೆ, ಯಾರದರ ಕೆಂಪು ಯಾರದಕ್ಕಿಂತ ಗಾಢ ಎಂದು ಮೊದಲು ನೋಡಿಕೊಳ್ಳಿ. ಕಥೆಯ ಬಗ್ಗೆ ವಾದ ಅದಾದ ಮೇಲೆ ಶುರುವಾಗಲಿ.